ಸೆಲಾವಿಕ್‌ನವರಿಗೆ ನನ್ನ ಋಣ

ಕಳೆದ ವಾರ ನಮ್ಮ ಶಾಲೆಯಲ್ಲಿ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಪದವಿ ಪ್ರದಾನ ನಡೆಯಿತು. ನಾನು ಈ ಹಳ್ಳಿಗೆ ಬಂದ ವರ್ಷ ಅವರು ಆರನೆಯ ತರಗತಿಯಲ್ಲಿದ್ದರು. ಅಂದಿನಿಂದ ಅವರಿಗೆ ಗಣಿತ, ವಿಜ್ಞಾನ ಎರಡನ್ನೂ ಕಲಿಸಿದವಳು ನಾನೇ. ಈ ತಿಂಗಳ ಕೊನೆಗೆ ಸೆಲಾವಿಕ್ ಬಿಟ್ಟು ಕರಾವಳಿಯ ನನ್ನ ಊರು ಗಂಗೊಳ್ಳಿಗೆ, ಅಮ್ಮನ ಬಳಿಗೆ ಹೊರಡುತ್ತಿದ್ದೇನೆ. ಇಲ್ಲಿಯವರಿಗೆ ಹೇಳಬೇಕಾದ ಧನ್ಯವಾದವನ್ನು ಸಮಾರಂಭದಲ್ಲಿ ಎದ್ದು ನಿಂತು ಹೇಳಿದ್ದಾಯಿತು. ಅದನ್ನು ಕನ್ನಡದಲ್ಲಿಯೂ ಬರೆಯುವುದಕ್ಕೆ ಕಾರಣವಿದೆ. ‘ಅಷ್ಟು ದೂರದಲ್ಲಿ ನಿನ್ನನ್ನು ನೋಡಿಕೊಳ್ಳುವವರು ಯಾರಿದ್ದಾರೆ?’ ಎಂದು ಊರಿನವರು, ನೆಂಟರು, ಜೊತೆಯಲ್ಲಿ ಓದಿದವರು ಇಷ್ಟು ವರ್ಷವೂ ಕೇಳುತ್ತ ಬಂದಿದ್ದಾರೆ. ಯಾರು ನೋಡಿಕೊಂಡರು ಎಂಬುದು ಅವರಿಗೆಲ್ಲ ತಿಳಿಯಬೇಕು.

ಸೆಲಾವಿಕ್ ಇರುವುದು ಅಮೆರಿಕದ ಅಲಾಸ್ಕ ರಾಜ್ಯದ ವಾಯವ್ಯ ಮೂಲೆಯಲ್ಲಿ, ಆರ್ಕ್ಟಿಕ್ ವೃತ್ತದ ಗೆರೆಗೆ ತೀರಾ ಹತ್ತಿರ. ಸೆಲಾವಿಕ್ ನದಿ ಅದೇ ಹೆಸರಿನ ಸರೋವರಕ್ಕೆ ಸೇರುವ ಕಡೆ ಸುಮಾರು 800 ಜನರ ಊರು. ಬಹುತೇಕ ಎಲ್ಲರೂ ಇನುಪಿಯಾತ್ ಎಂಬ ಮೂಲನಿವಾಸಿ ಜನ. ಹೊರಗಿನಿಂದ ಇಲ್ಲಿಗೆ ರಸ್ತೆಯಿಲ್ಲ. ಕೊಟ್ಜೆಬ್ಯೂ ಪಟ್ಟಣದಿಂದ ಸುಮಾರು 120 ಕಿಲೋಮೀಟರ್ ಚಿಕ್ಕ ವಿಮಾನದಲ್ಲಿ ಬರಬೇಕು. ನೆಲದ ಒಡಲು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಬೇಸಿಗೆಯಲ್ಲಿ ಮೇಲಿನ ಪದರ ಮಾತ್ರ ಕರಗಿ ಕೆಸರಾಗುತ್ತದೆ. ಆದ್ದರಿಂದ ಮನೆಯಿಂದ ಮನೆಗೆ ಹಲಗೆಯ ಕಾಲುದಾರಿಗಳು. ನೀರಿನ ಕೊಳವೆಗಳೂ ನೆಲದ ಮೇಲೆಯೇ ಸಾಗುತ್ತವೆ. ಡಿಸೆಂಬರಿನಲ್ಲಿ ಸೂರ್ಯ ನಡುಹಗಲಿನಲ್ಲಿ ದಿಗಂತದ ಅಂಚಿಗೆ ಬಂದು, ಸ್ವಲ್ಪ ಹೊತ್ತಿನಲ್ಲೇ ಇಳಿದುಬಿಡುತ್ತಾನೆ. ಜೂನ್‌ನಲ್ಲಿ ಮುಳುಗುವುದೇ ಇಲ್ಲ. ಚಳಿಯ ವಿಷಯ ಇಷ್ಟು ಸಾಕು, ಎಲ್ಲರೂ ಅದನ್ನೇ ಕೇಳುತ್ತಾರೆ.

ಮೊದಲ ಧನ್ಯವಾದ ನನ್ನ ತರಗತಿಯ ಸಹಾಯಕಿಗೆ. ಇದೇ ಊರಿನಲ್ಲಿ ಹುಟ್ಟಿ ಬೆಳೆದವರು, ಇದೇ ಶಾಲೆಯಲ್ಲಿ ಓದಿದವರು. ಪಾಠ ಶುರುವಾಗುವ ಹಿಂದಿನ ದಿನ ಅವರು ನನ್ನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದರು. ಇಲ್ಲಿಯ ಮಕ್ಕಳು ‘ಹೌದು’ ಎನ್ನಲು ಹುಬ್ಬು ಏರಿಸುತ್ತಾರೆ, ‘ಇಲ್ಲ’ ಎನ್ನಲು ಮೂಗು ಸುಕ್ಕಿಸುತ್ತಾರೆ. ಪ್ರಶ್ನೆ ಕೇಳಿ ಕಪ್ಪುಹಲಗೆಯ ಕಡೆ ತಿರುಗಿಬಿಟ್ಟರೆ ಉತ್ತರ ನಿಮಗೆ ಸಿಗುವುದಿಲ್ಲ, ಮುಖ ನೋಡುತ್ತಿರಿ. ಮರುದಿನ ತರಗತಿಯಲ್ಲಿ ನಿಂತಾಗ ಆ ಮಾತಿನ ಬೆಲೆ ತಿಳಿಯಿತು. ಮಾತೇ ಆಡದ ತರಗತಿ ಎಂದು ಯಾರಾದರೂ ತೀರ್ಮಾನಿಸಬಹುದಾದ ಕೋಣೆಯಲ್ಲಿ ಹುಬ್ಬುಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಎಲ್ಲರೂ ಉತ್ತರ ಕೊಡುತ್ತಿದ್ದರು.

ಆ ಮಕ್ಕಳು ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ, ‘ಮುಂದಿನ ವರ್ಷವೂ ಇರುತ್ತೀರಾ?’ ಎಂಬುದು. ಅಲಾಸ್ಕದ ಹಳ್ಳಿ ಶಾಲೆಗಳಲ್ಲಿ ಕಲಿಸಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆಗಸ್ಟಿನಲ್ಲಿ ಬಂದ ಎಷ್ಟೋ ಶಿಕ್ಷಕರು ಮೇ ತಿಂಗಳಲ್ಲಿ ಹೊರಟುಹೋಗುತ್ತಾರೆ. ಹೊಸ ಮುಖಕ್ಕೆ ಹೊಂದಿಕೊಳ್ಳುವ ಕೆಲಸ ಪ್ರತಿವರ್ಷ ಮಕ್ಕಳ ಪಾಲಿಗೆ ಬರುತ್ತದೆ.

ಇದಕ್ಕಿಂತ ಹಳೆಯ ನೋವೊಂದಿದೆ. 1970ರ ದಶಕದ ನಡುವಿನವರೆಗೆ ಅಲಾಸ್ಕದ ಬಹಳಷ್ಟು ಮೂಲನಿವಾಸಿ ಹಳ್ಳಿಗಳಲ್ಲಿ ಪ್ರೌಢಶಾಲೆಯೇ ಇರಲಿಲ್ಲ. ಎಂಟನೆಯ ತರಗತಿ ಮುಗಿದ ಮಕ್ಕಳನ್ನು ವಿಮಾನ ಹತ್ತಿಸಿ ವಸತಿಶಾಲೆಗಳಿಗೆ ಕಳಿಸುತ್ತಿದ್ದರು. ಕೆಲವರು ಆಗ್ನೇಯ ಅಲಾಸ್ಕದ ಸಿಟ್ಕಾಕ್ಕೆ ಹೋದರೆ, ಇನ್ನು ಕೆಲವರು ರಾಜ್ಯದಾಚೆಯ ಒರೆಗಾನ್‌ವರೆಗೂ ಹೋಗಬೇಕಾಯಿತು. ಹದಿನಾಲ್ಕರ ವಯಸ್ಸಿನಲ್ಲಿ ಹೋದವರು ಬೇಸಿಗೆಯಲ್ಲಷ್ಟೇ ಮನೆ ಕಾಣುತ್ತಿದ್ದರು. ಅಲ್ಲಿ ಗಾಳ ಹಾಕುವುದನ್ನಾಗಲಿ, ಚರ್ಮ ಹದ ಮಾಡುವುದನ್ನಾಗಲಿ, ಮಂಜುಗಡ್ಡೆಯ ಬಣ್ಣ ನೋಡಿ ಅದರ ಗಟ್ಟಿತನ ಅಳೆಯುವುದನ್ನಾಗಲಿ ಕಲಿಸುವವರಿರಲಿಲ್ಲ. ತಾಯ್ನುಡಿ ಆಡಿದ್ದಕ್ಕೆ ಶಾಲೆಯಲ್ಲಿ ಪೆಟ್ಟು ತಿಂದವರು ಈಗಲೂ ಇಲ್ಲಿಯ ಹಿರಿಯರ ನಡುವೆ ಇದ್ದಾರೆ. ಯೂಪಿಕ್ ಎಂಬ ಇನ್ನೊಂದು ಮೂಲನಿವಾಸಿ ಜನಾಂಗದ ಹುಡುಗಿ ಮಾಲಿ ಹೂಚ್ ಹೆಸರಿನಲ್ಲಿ ಪ್ರಸಿದ್ಧವಾದ ಮೊಕದ್ದಮೆ 1976ರಲ್ಲಿ ಒಪ್ಪಂದದಲ್ಲಿ ಮುಗಿಯಿತು. ಹಳ್ಳಿಯಲ್ಲೇ ಪ್ರೌಢಶಾಲೆ ನಡೆಸುವ ಹೊಣೆ ರಾಜ್ಯ ಸರ್ಕಾರದ ಮೇಲೆ ಬಿತ್ತು, 100ಕ್ಕೂ ಹೆಚ್ಚು ಹಳ್ಳಿಗಳಿಗೆ ಆ ಹಕ್ಕು ಸಿಕ್ಕಿತು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣ, ನನಗೆ ಸಿಕ್ಕ ಪ್ರೀತಿ ಎಂಥವರಿಂದ ಬಂತು ಎಂಬುದು ಓದುವವರಿಗೆ ಅರ್ಥವಾಗಬೇಕು. ಶಾಲೆ ಎಂಬುದು ಯಾರಿಂದ ಮನೆ ಕಿತ್ತುಕೊಂಡಿತ್ತೋ, ನಾಲಿಗೆಯ ಮೇಲಿನ ಮಾತು ಕಿತ್ತುಕೊಂಡಿತ್ತೋ, ಅವರೇ ಶಾಲೆಯ ಟೀಚರೊಬ್ಬಳನ್ನು ಕರೆದು ಒಲೆಯ ಪಕ್ಕ ಕೂರಿಸಿದರು. ತಮ್ಮ ಮೊಮ್ಮಕ್ಕಳನ್ನು ಒಪ್ಪಿಸಿದರು. ನನಗೆ ಗೊತ್ತಿಲ್ಲದ್ದನ್ನೆಲ್ಲ ಬೇಸರವಿಲ್ಲದೆ ಕಲಿಸಿದರು. ಈ ದೊಡ್ಡತನಕ್ಕೆ ನಾನು ಯಾವ ರೀತಿಯಲ್ಲೂ ಅರ್ಹತೆ ಗಳಿಸಿರಲಿಲ್ಲ. ಅದು ಅವರು ತಾವಾಗಿ ಕೊಟ್ಟದ್ದು.

ಹಾಗೆ ಕರೆದವರಲ್ಲಿ ಮೊದಲಿಗರು ಆನಾ. ಆನಾ ಎಂದರೆ ಅಜ್ಜಿ. ಊರಿನ ಮಕ್ಕಳೆಲ್ಲ ಹಾಗೆಯೇ ಕರೆಯುತ್ತಾರೆ, ನಾನೂ ಕರೆದೆ. ಅವರ ಯಜಮಾನರು ತಾತಾ. ನಾನು ಮೀನುಗಾರರ ಮನೆಯವಳು ಎಂದು ಸಹಾಯಕಿಯಿಂದ ತಿಳಿದ ಆನಾ, ಮಾರ್ಚ್ ತಿಂಗಳ ಒಂದು ಶನಿವಾರ ಬೆಳಗ್ಗೆ ಬಾಗಿಲು ತಟ್ಟಿ, ‘ಬಟ್ಟೆ ಹಾಕಿಕೋ, ಮೀನು ಹಿಡಿಯೋಣ’ ಎಂದರು. ನಾನು ಹಾಕಿಕೊಂಡ ಕೈಗವಸನ್ನು ಬಿಚ್ಚಿಸಿ, ತಾವು ಹೊಲಿದ ತುಪ್ಪಳದ ಗವಸನ್ನು ತೊಡಿಸಿದರು. ಸ್ನೋಮೊಬೈಲಿನ ಹಿಂದೆ ಕಟ್ಟಿದ ಸ್ಲೆಡ್ಡಿನಲ್ಲಿ ಕ್ಯಾರಿಬೂ ಎಂಬ ಹಿಮಸೀಮೆಯ ಜಿಂಕೆಯ ಚರ್ಮ ಹಾಸಿ ಕೂರಿಸಿ, ಸರೋವರದ ಮೇಲೆ ಕರೆದೊಯ್ದರು.

ಇಲ್ಲಿ ಹಿಡಿಯುವ ಮುಖ್ಯ ಮೀನು ಶೀಫಿಶ್. ಬೆಳ್ಳಿಯ ಮೈ, ದೊಡ್ಡ ಹುರುಪೆ, ಮುಂದಕ್ಕೆ ಚಾಚಿದ ಕೆಳದವಡೆ. 10 ಕಿಲೋ ದಾಟುವುದು ಈ ನೀರಿನಲ್ಲಿ ಅಪರೂಪವಲ್ಲ. ಚಳಿಗಾಲವನ್ನು ಸೆಲಾವಿಕ್ ಸರೋವರದಲ್ಲಿ ಮತ್ತು ಅದಕ್ಕೆ ಹೊಂದಿದ ಹೋಥಮ್ ಕೊಲ್ಲಿಯಲ್ಲಿ, ಸಪ್ಪೆ ನೀರಿಗೆ ಉಪ್ಪು ನೀರು ಬೆರೆತ ಕಡೆ ಕಳೆಯುತ್ತದೆ. ಮೊಟ್ಟೆ ಇಡಲು ಸೆಲಾವಿಕ್ ಮತ್ತು ಕೊಬುಕ್ ನದಿಗಳ ಮೇಲ್ಭಾಗದ ಜಲ್ಲಿಕಲ್ಲಿನ ತಳಕ್ಕೆ ಹೋಗುತ್ತದೆ. ಸಾಲ್ಮನ್‌ನಂತೆ ಮೊಟ್ಟೆ ಇಟ್ಟು ಸಾಯುವುದಿಲ್ಲ, ಹಿಂದಿರುಗಿ ಬಂದು ಮತ್ತೆ ಬೆಳೆಯುತ್ತದೆ.

ತಾತಾ ಕಲಿಸಿದ ಕ್ರಮವನ್ನು ಬರೆದಿಡುತ್ತೇನೆ. ಮಂಜುಗಡ್ಡೆ ಮಾರ್ಚ್ ಹೊತ್ತಿಗೆ ಒಂದು ಮೀಟರಿಗಿಂತ ದಪ್ಪವಾಗಿರುತ್ತದೆ. ಯಂತ್ರದ ಬೈರಿಗೆಯಿಂದ ತೂತು ಕೊರೆದ ಮೇಲೆ, ಉದ್ದ ಹಿಡಿಯ ಉಳಿಯಿಂದ ಅಂಚನ್ನು ಕೆತ್ತಿ ನುಣುಪು ಮಾಡಬೇಕು. ಆ ಉಳಿಗೆ ಇಲ್ಲಿ ತೂಕ್ ಎನ್ನುತ್ತಾರೆ. ಅಂಚು ಒರಟಾಗಿದ್ದರೆ ದಾರ ಉಜ್ಜಿ ಕಡಿದುಹೋಗುತ್ತದೆ. ತೂತಿನಲ್ಲಿ ತೇಲುವ ಮಂಜಿನ ಚೂರುಗಳನ್ನು ತೂತುಸೌಟಿನಿಂದ ಎತ್ತುತ್ತಲೇ ಇರಬೇಕು, ಬಿಟ್ಟರೆ ಮತ್ತೆ ಕಟ್ಟಿಕೊಳ್ಳುತ್ತದೆ. ಗಾಳಿಗೆ ಬೆನ್ನು ಕೊಟ್ಟು ಕೂರಬೇಕು. ರೀಲಿನ ಗೊಡವೆಯಿಲ್ಲ, ಮೊಳದುದ್ದದ ಕಡ್ಡಿಗೆ ದಾರ ಸುತ್ತಿರುತ್ತದೆ. ದಾರದ ತುದಿಯಲ್ಲಿ ಉಜ್ಜಿ ಹೊಳಪು ಮಾಡಿದ ಲೋಹದ ತುಂಡು, ಅದರಲ್ಲಿ ಕೊಕ್ಕೆ. ಎರೆ ಇಲ್ಲ. ಕೊಕ್ಕೆ ತಳ ಮುಟ್ಟುವವರೆಗೆ ಬಿಟ್ಟು, ಸ್ವಲ್ಪ ಎತ್ತಿ, ಕೈಯನ್ನು ಒಮ್ಮೆ ಮೇಲಕ್ಕೆ ಎಳೆದು ಇಳಿಯಬಿಡಬೇಕು. ಮತ್ತೆ ಎಳೆಯುವ ಮುಂಚೆ ಸುಮ್ಮನಿರಬೇಕು. ಆ ಸುಮ್ಮನಿರುವ ಗಳಿಗೆಯಲ್ಲೇ ಮೀನು ಬಾಯಿ ಹಾಕುತ್ತದೆ. ‘ನೀನು ಕೈ ಆಡಿಸುವಾಗ ಅದು ನೋಡುತ್ತದೆ, ನಿಲ್ಲಿಸಿದಾಗ ತಿನ್ನುತ್ತದೆ’ ಎಂದರು ತಾತಾ. ಹಿಡಿದ ಮೀನನ್ನು ಕೂಡಲೇ ಬಡಿದು, ಮಂಜಿನ ಮೇಲೆ ನೆಟ್ಟಗೆ ಮಲಗಿಸಬೇಕು. ಬೇಗನೆ ಕಲ್ಲಾಗುವ ಮೀನು ಸೊಟ್ಟಗೆ ಹೆಪ್ಪುಗಟ್ಟಿದರೆ ಸ್ಲೆಡ್ಡಿನಲ್ಲಿ ಜೋಡಿಸಲು ಬರುವುದಿಲ್ಲ.

ಇಷ್ಟನ್ನು ಅವರು ಮಾತಿನಲ್ಲಿ ಹೇಳಿದ್ದು ಕಡಿಮೆ. ತಾವು ಮಾಡುತ್ತಿದ್ದರು, ನಾನು ನೋಡುತ್ತಿದ್ದೆ. ಪಕ್ಕದಲ್ಲಿ ಏಳೆಂಟು ವರ್ಷದ ಮೊಮ್ಮಗಳು ಕೂಡ ನೋಡುತ್ತಿದ್ದಳು. ಆ ಮೇಲೆ ಕಡ್ಡಿಯನ್ನು ನಮ್ಮಿಬ್ಬರ ಕೈಗೂ ಕೊಟ್ಟು ದೂರ ಹೋಗಿ ಬೇರೆ ತೂತಿನ ಮುಂದೆ ಕುಳಿತರು. ಬಿ.ಎಡ್.ನಲ್ಲಿ ನಾನು ಕಲಿತದ್ದಕ್ಕೆ ಇದು ಸೇರಿಕೊಂಡು, ಪಾಠ ಮಾಡುವ ರೀತಿಯೇ ಬದಲಾಯಿತು. ಪ್ರಯೋಗವನ್ನು ಮೊದಲು ವಿವರಿಸುವ ಅಭ್ಯಾಸ ಬಿಟ್ಟೆ. ಮೌನವಾಗಿ ಮಾಡಿ ತೋರಿಸಿ, ಸಾಮಾನನ್ನು ಮಕ್ಕಳ ಕೈಗೆ ಕೊಟ್ಟು, ದೂರ ನಿಲ್ಲತೊಡಗಿದೆ. ಅವರು ಮಾಡಿ ಮುಗಿಸಿದ ಮೇಲೆ ಮಾತು. ಈಗ ಪದವಿ ಪಡೆದ ಮಕ್ಕಳ ಗಣಿತ ಚೆನ್ನಾಗಿದೆ ಎಂದು ಯಾರಾದರೂ ನನ್ನನ್ನು ಹೊಗಳಿದರೆ, ಅದರಲ್ಲಿ ತಾತಾನ ಪಾಲು ದೊಡ್ಡದು.

ನನ್ನ ಕಡ್ಡಿಗೆ ಮೊದಲ ಮೀನು ಬಿದ್ದಾಗ ಆನಾ ಎದ್ದು ಬಂದು ಕೈ ಹಿಡಿದು ಕುಣಿದರು. ಆಮೇಲೆ ಹೇಳಿದರು, ಮೊದಲ ಮೀನು ಹಿಡಿದವರದ್ದಲ್ಲ, ಹಿರಿಯರಿಗೆ ಕೊಡಬೇಕು. ಊರಿನ ಅತಿ ಹಿರಿಯ ಹೆಂಗಸಿನ ಮನೆಗೆ ನನ್ನನ್ನೇ ಕಳಿಸಿದರು. ಆಕೆ ನನ್ನನ್ನು ಅದುವರೆಗೆ ಕಂಡವರಲ್ಲ. ಮೀನನ್ನು ತೆಗೆದುಕೊಂಡು, ಉಲು ಎಂಬ ಅರ್ಧಚಂದ್ರದ ಅಲಗಿನ ಕತ್ತಿಯಿಂದ ಅಲ್ಲೇ ತೆಳುವಾಗಿ ಹೆರೆದು, ಸೀಲ್ ಎಣ್ಣೆಯಲ್ಲಿ ಅದ್ದಿ ತಿಂದು, ‘ತೈಕೂ’ ಎಂದರು. ಧನ್ಯವಾದ ಹೇಳುವುದು ಇಲ್ಲಿ ಹಾಗೆ. ಮರುದಿನದಿಂದ ಹಲಗೆಯ ದಾರಿಯಲ್ಲಿ ಎದುರಾದವರೆಲ್ಲ ನನ್ನನ್ನು ಮೀನಿನ ಟೀಚರು ಎಂದು ಕರೆಯತೊಡಗಿದರು.

ಅಪ್ಪನಿಗೆ ಇದನ್ನೆಲ್ಲ ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಚಳಿಗಾಲದಲ್ಲಿ ಇಲ್ಲಿ ರಾತ್ರಿ 8 ಗಂಟೆಯಾದರೆ ಗಂಗೊಳ್ಳಿಯಲ್ಲಿ ಮರುದಿನ ಬೆಳಗ್ಗೆ 10.30. ವಿಡಿಯೊ ಕರೆ ನಡುನಡುವೆ ತುಂಡಾಗುತ್ತಿತ್ತು. ಮೀನನ್ನು ಪರದೆಯ ಮುಂದೆ ಹಿಡಿದಾಗ ಅಪ್ಪ ಮೊದಲು ನೋಡಿದ್ದು ದವಡೆ. ‘ಕೆಳದವಡೆ ಮುಂದಿದೆ, ಇದು ಬೇಟೆಯಾಡುವ ಮೀನು. ಏನು ತಿನ್ನುತ್ತದೆ, ಹೊಟ್ಟೆ ಸೀಳಿ ನೋಡು ಮಗಳೇ’ ಎಂದರು. ನೋಡಿದರೆ ಒಳಗೆ ಸಣ್ಣ ಮೀನುಗಳಿದ್ದವು. ಮುಂದಿನ ಕರೆಯಲ್ಲಿ ತಾತಾನೂ ಜೊತೆಗಿದ್ದರು. ನಮ್ಮೂರಿನ ಪಂಚಗಂಗಾವಳಿಯ ಅಳಿವೆಯಲ್ಲಿ ಉಬ್ಬರ ಇಳಿತಕ್ಕೆ ಮರಳದಿನ್ನೆ ಹೇಗೆ ಜಾಗ ಬದಲಿಸುತ್ತದೆ ಎಂದು ಅಪ್ಪ ಹೇಳಿದರು. ಸರೋವರದ ಯಾವ ಬಾಯಲ್ಲಿ ಒಳಹರಿವು ಜೋರಾಗಿ ಮಂಜುಗಡ್ಡೆ ತೆಳುವಾಗಿ ಉಳಿಯುತ್ತದೆ ಎಂದು ತಾತಾ ಹೇಳಿದರು. ನಡುವೆ ಕುಳಿತು ಎರಡೂ ಕಡೆಗೆ ಮಾತು ದಾಟಿಸುವುದು ನನ್ನ ಕೆಲಸ. ಆಮೇಲೆ ಎಷ್ಟೋ ವಾರ ಕರೆ ಮಾಡಿದಾಗ ಅಪ್ಪ ನನ್ನ ಯೋಗಕ್ಷೇಮಕ್ಕಿಂತ ಮೊದಲು ತಾತಾನದ್ದನ್ನು ಕೇಳುತ್ತಿದ್ದರು.

ಅಪ್ಪ ಎಳೆಯ ವಯಸ್ಸಿನಲ್ಲಿ ಕೈರಂಪಣಿ ಎಳೆದವರು. ದಡದಿಂದ ಸಮುದ್ರಕ್ಕೆ ಹಾಕಿದ ಉದ್ದನೆಯ ಬಲೆಯನ್ನು ಹತ್ತಾರು ಜನ ಸೇರಿ ಎಳೆಯುವುದು, ಹಗ್ಗಕ್ಕೆ ಕೈ ಹಾಕಿದ ಪ್ರತಿಯೊಬ್ಬರಿಗೂ ಪಾಲು. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಬಲೆಗಳು ಒಂದೊಂದಾಗಿ ದಡ ಸೇರಿದವು. ಅಪ್ಪನೂ ಬೋಟಿನ ಕೆಲಸಕ್ಕೆ ಹೋದರು. ಆದರೆ ಹಂಚಿಕೊಂಡು ತಿನ್ನುವ ಕಡಲಿನ ಮಾತು ಅವರ ಬಾಯಲ್ಲಿ ಕೊನೆಯವರೆಗೂ ಇತ್ತು. ಸೆಲಾವಿಕ್‌ನಲ್ಲಿ ಸ್ಲೆಡ್ಡು ತುಂಬ ಮೀನು ತಂದ ತಾತಾ ಮನೆಗೆ ಬರುವ ಮುಂಚೆ, ಬೇಟೆಗೆ ಹೋಗಲಾಗದವರ ಮನೆಗಳ ಮುಂದೆ ನಿಲ್ಲಿಸಿ ನಿಲ್ಲಿಸಿ ಅರ್ಧ ಖಾಲಿ ಮಾಡುವುದನ್ನು ಕೇಳಿ, ‘ನೀನು ಸರಿಯಾದ ಊರಿಗೇ ಹೋಗಿದ್ದೀಯ’ ಎಂದರು. ಆ ದಿನದವರೆಗೂ ನನ್ನ ಈ ಕೆಲಸದ ಬಗ್ಗೆ ಅವರಿಗೆ ಸಮಾಧಾನವಿರಲಿಲ್ಲ.

ಅಪ್ಪ ತೀರಿಕೊಂಡಿದ್ದು ಒಂದು ಜನವರಿಯಲ್ಲಿ. ಸುದ್ದಿ ಬಂದಾಗ ಇಲ್ಲಿ ಹಿಮಗಾಳಿ. ಎದುರಿನ ಮನೆ ಕಾಣದಷ್ಟು ಬಿಳುಪು. ವಿಮಾನ ದಿನಗಟ್ಟಲೆ ಹಾರಲಿಲ್ಲ. ಗಾಳಿ ನಿಂತು ಕೊಟ್ಜೆಬ್ಯೂ ಮುಟ್ಟಿ, ಅಲ್ಲಿಂದ ಆಂಕೊರೇಜ್, ಮುಂದೆ ಬೆಂಗಳೂರು ಎಂದು ಲೆಕ್ಕ ಹಾಕಿದರೆ ಯಾವ ದಾರಿಯಲ್ಲೂ ಸಮಯಕ್ಕೆ ತಲುಪುವಂತಿರಲಿಲ್ಲ. ತಮ್ಮ ಬೆಂಕಿ ಕೊಟ್ಟ. ನಾನು ಇಲ್ಲಿ ಶಾಲೆ ಕೊಟ್ಟ ಚಿಕ್ಕ ಮನೆಯಲ್ಲಿ ಕುಳಿತಿದ್ದೆ.

ಆ ಗಾಳಿಯಲ್ಲಿ ಜನ ಬಂದರು. ಹಲಗೆದಾರಿಯ ಪಕ್ಕದ ಹಿಡಿಕಂಬಿ ಹಿಡಿದುಕೊಂಡು, ತಲೆ ತಗ್ಗಿಸಿ, ಒಬ್ಬರ ಹಿಂದೆ ಒಬ್ಬರು. ಮೊದಲು ಬಂದ ಹುಡುಗರು ನನ್ನ ಬಾಗಿಲಿಗೆ ಕವಿದ ಹಿಮವನ್ನು ಸಲಿಕೆಯಿಂದ ತೆಗೆದರು. ಕ್ಯಾರಿಬೂ ಸಾರು ಬಂತು, ಮೀನು ಬಂತು, ಬ್ರೆಡ್ಡು ಬಂತು. ಆನಾ ನನ್ನ ಹಾಸಿಗೆಯ ಪಕ್ಕದಲ್ಲೇ ಮಲಗಿದರು. ಇಲ್ಲಿಯ ಹಲವರು ಫ್ರೆಂಡ್ಸ್ ಎಂಬ ಕ್ರೈಸ್ತ ಪಂಗಡದವರು. ಸಂಜೆ ಹಿರಿಯರು ನನ್ನ ಅಡುಗೆಮನೆಯಲ್ಲಿ ಕುಳಿತು ಇನುಪಿಯಾಕ್ ಭಾಷೆಯಲ್ಲಿ ಕೀರ್ತನೆ ಹಾಡಿದರು. ಹಾಡದೆ ಬರೀ ಕುಳಿತವರೂ ಇದ್ದರು. ಗಂಟೆಗಟ್ಟಲೆ ಕುಳಿತು, ಎದ್ದು, ಕೈ ಒತ್ತಿ ಹೋದರು. ಏನಾಯಿತು, ಹೇಗಾಯಿತು ಎಂದು ಯಾರೂ ಕೇಳಲಿಲ್ಲ. ಅದಕ್ಕಾಗಿ ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ.

ಉತ್ತರಕ್ರಿಯೆಯ ದಿನ ನಮ್ಮಲ್ಲಿ ಊರಿಗೆ ಊಟ ಹಾಕುತ್ತಾರೆ ಎಂದು ಆನಾಗೆ ಹೇಳಿದ್ದೆ. ಅಷ್ಟರಲ್ಲಿ ಗಾಳಿ ನಿಂತಿತ್ತು. ಕತ್ತಲಿನ್ನೂ ಹರಿಯದ ಆ ಬೆಳಗ್ಗೆ ತಾತಾ ಮತ್ತು ಅವರ ಮಗಂದಿರು ನನ್ನನ್ನು ಸರೋವರಕ್ಕೆ ಕರೆದೊಯ್ದರು. ಜನವರಿಯಲ್ಲಿ ಮೀನು ಸುಲಭವಾಗಿ ಕಚ್ಚುವುದಿಲ್ಲ, ಆದರೂ ಬಿತ್ತು. ಅಮ್ಮ ಕಳಿಸಿದ್ದ ಕುಂದಾಪುರದ ಮಸಾಲೆ ಪುಡಿ, ಹುಣಸೆಹಣ್ಣು, ಡಬ್ಬಿಯ ತೆಂಗಿನ ಹಾಲು ಹಾಕಿ ಶಾಲೆಯ ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ಸಾರು ಮಾಡಿದೆ. ಶಾಲೆಯ ಅಡುಗೆಯವರು ಅನ್ನ ಮಾಡಿಕೊಟ್ಟರು. ಊರು ಬಂದು ಉಂಡಿತು. ಮಕ್ಕಳು ಖಾರಕ್ಕೆ ಕಣ್ಣು ಒರೆಸಿಕೊಳ್ಳುತ್ತ ಎರಡನೆಯ ಸಲ ತಟ್ಟೆ ಹಿಡಿದರು. ಅಪ್ಪನ ಹೆಸರನ್ನು ತಾತಾ ಕಷ್ಟಪಟ್ಟು ಉಚ್ಚರಿಸಿ, ಎಲ್ಲರಿಂದಲೂ ಹೇಳಿಸಿದರು.

ನಾನು ಆ ವರ್ಷ ಇಲ್ಲಿಂದ ಹೊರಡಬಹುದಿತ್ತು. ಅಮ್ಮನೇ ಇರು ಎಂದಳು. ‘ಆ ಮಕ್ಕಳು ಮುಗಿಸಲಿ, ಆಮೇಲೆ ಬಾ’ ಎಂದ ಅಮ್ಮನಿಗೆ ಈ ಬರಹದಲ್ಲಿ ನಾನು ಸಲ್ಲಿಸುವ ಧನ್ಯವಾದ ಎಲ್ಲಕ್ಕಿಂತ ದೊಡ್ಡದು.

ಉಳಿದದ್ದರಿಂದ ಆದ ಒಂದು ಕೆಲಸದ ಬಗ್ಗೆ ಹೆಮ್ಮೆಯಿಂದ ಹೇಳುತ್ತೇನೆ. ಮೀನಿನ ತಲೆಯೊಳಗೆ ಕಿವಿಯ ಭಾಗದಲ್ಲಿ ಚಿಕ್ಕ ಕಲ್ಲಿರುತ್ತದೆ. ಮರದ ಕಾಂಡದಲ್ಲಿರುವ ಹಾಗೆ ಅದರಲ್ಲಿಯೂ ವರ್ಷಕ್ಕೊಂದು ಬಳೆ. ಮನೆಗಳಲ್ಲಿ ಹಿಡಿದ ಮೀನುಗಳ ತಲೆಯಿಂದ ಮಕ್ಕಳು ಆ ಕಲ್ಲುಗಳನ್ನು ತಂದರು. ಸೀಳಿ, ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಬಳೆ ಎಣಿಸಿ, ಮೀನಿನ ಉದ್ದಕ್ಕೂ ವಯಸ್ಸಿಗೂ ಇರುವ ಸಂಬಂಧದ ನಕ್ಷೆ ಬರೆದರು. ತಮಗಿಂತ ಹಿರಿಯ ಮೀನನ್ನು ತಿಂದಿದ್ದೇವೆ ಎಂದು ಅರಿತ ಹುಡುಗನೊಬ್ಬ ಎಣಿಕೆ ತಪ್ಪಿರಬೇಕೆಂದು ಮತ್ತೆ ಮತ್ತೆ ನೋಡಿದ. ಶೀಫಿಶ್ 30 ವರ್ಷ ಮೀರಿ ಬದುಕಬಲ್ಲದು, ಮೊಟ್ಟೆ ಇಡುವ ವಯಸ್ಸಿಗೆ ಬರಲು ಬಹಳ ವರ್ಷ ಬೇಕು. 2004ರಲ್ಲಿ ಸೆಲಾವಿಕ್ ನದಿಯ ಮೇಲ್ಭಾಗದಲ್ಲಿ ಹೆಪ್ಪುನೆಲ ಕರಗಿ ದಡ ಕುಸಿಯತೊಡಗಿತು. ಮೊಟ್ಟೆ ಇಡುವ ಜಾಗಕ್ಕಿಂತ ಮೇಲೆ ಆದ ಕುಸಿತ ಅದು. ಕೆಸರು ವರ್ಷಗಟ್ಟಲೆ ನದಿಗೆ ಇಳಿಯಿತು. ಆ ವರ್ಷಗಳಲ್ಲಿ ಹುಟ್ಟಬೇಕಿದ್ದ ಮೀನುಗಳ ಗತಿಯೇನು ಎಂದು ವಿಜ್ಞಾನಿಗಳು ಕೇಳುತ್ತ ಬಂದ ಪ್ರಶ್ನೆಯನ್ನು ನನ್ನ ಮಕ್ಕಳೂ ಕೇಳಿದರು. ನೀರಿನ ಬಣ್ಣ ಯಾವಾಗಿನಿಂದ ಬದಲಾಯಿತು ಎಂದು ಮನೆಯ ಹಿರಿಯರನ್ನು ಕೂರಿಸಿ ಬರೆದುಕೊಂಡರು. ಶಾಲೆಯಲ್ಲಿ ಪೆಟ್ಟು ತಿಂದಿದ್ದ ಹಿರಿಯರೊಬ್ಬರು ಆ ದಿನ ನಮ್ಮ ತರಗತಿಗೆ ಬಂದು, ಕಪ್ಪುಹಲಗೆಯ ಮುಂದೆ ನಿಂತು, ಇನುಪಿಯಾಕ್‌ನಲ್ಲೇ ಪಾಠ ಮಾಡಿದರು. ನನ್ನ ಶಿಕ್ಷಕ ವೃತ್ತಿಯಲ್ಲಿ ಅದಕ್ಕಿಂತ ಒಳ್ಳೆಯ ತರಗತಿಯನ್ನು ನಾನು ಕಂಡಿಲ್ಲ.

ಇನ್ನೂ ಹಲವರಿದ್ದಾರೆ. ನಡುರಾತ್ರಿ ಬಾಯ್ಲರ್ ನಿಂತಾಗ ಬಂದು ಶಾಲೆಯನ್ನು ಬೆಚ್ಚಗಿಟ್ಟ ನಿರ್ವಹಣೆಯ ಸಿಬ್ಬಂದಿ. ಅಮ್ಮನ ಉಪ್ಪಿನಕಾಯಿ ಪಾರ್ಸೆಲ್ಲನ್ನು ಹೆಪ್ಪುಗಟ್ಟಲು ಬಿಡದೆ ಒಳಗೆ ಎತ್ತಿಟ್ಟ ಅಂಚೆ ಕಚೇರಿಯವರು. ಮೋಡದ ಸಣ್ಣ ಬಿರುಕು ಕಂಡರೂ ಔಷಧಿ ಹೊತ್ತು ಬಂದಿಳಿದ ಪೈಲಟ್‌ಗಳು. ಆಂಕೊರೇಜ್‌ನಲ್ಲಿ ವಿಮಾನ ತಪ್ಪಿದಾಗಲೆಲ್ಲ ಹಾಸಿಗೆ ಹಾಕಿ, ಬಿಸಿ ಅನ್ನ ಬಡಿಸಿದ ಕನ್ನಡದ ಕುಟುಂಬ. ಫಿಲಿಪ್ಪೀನ್ಸ್‌ನಿಂದ ಬಂದು ಪಕ್ಕದ ಕೋಣೆಯಲ್ಲಿ ಕಲಿಸುತ್ತಿದ್ದ, ನನ್ನ ತರಗತಿಗಳನ್ನು ಆ ಜನವರಿಯಲ್ಲಿ ಹೇಳದೆಯೇ ವಹಿಸಿಕೊಂಡ ಸಹೋದ್ಯೋಗಿಗಳು. ಎಲ್ಲರಿಗೂ ತೈಕೂ.

ಪದವಿ ಪಡೆದ ಮಕ್ಕಳೇ, ಹೂವಿನ ಅತಿಕ್ಲುಕ್, ಇಲ್ಲಿಯವರ ಸಾಂಪ್ರದಾಯಿಕ ಮೇಲಂಗಿ, ತೊಟ್ಟು ವೇದಿಕೆ ಹತ್ತಿದ ನಿಮ್ಮನ್ನು ನೋಡಿ ನಾನು ಅತ್ತದ್ದನ್ನು ನೀವೆಲ್ಲ ಕಂಡಿರಿ. ಕಲಿಯಲು ದೂರ ಹೋಗುವವರು ಹೋಗಿ ಬನ್ನಿ, ಇಲ್ಲೇ ಇರುವವರು ಇರಿ. ಎರಡೂ ನಿಮ್ಮ ಇಷ್ಟದಿಂದ ಆಗುತ್ತಿದೆ ಎಂಬುದೇ ನನ್ನ ಸಂತೋಷ.

ಆಗಸ್ಟಿನಲ್ಲಿ ನನ್ನ ಜಾಗಕ್ಕೆ ಬರುವ ಶಿಕ್ಷಕರ ಹೆಸರು ನಿಶ್ಚಯವಾಗಿದೆ. ಅವರಿಗೆ ಆನಾನ ಮನೆಯ ಗುರುತು ಬರೆದಿಟ್ಟಿದ್ದೇನೆ. ತಾತಾ ಮಾಡಿಕೊಟ್ಟ ಕಡ್ಡಿಯನ್ನು ಮಾತ್ರ ಗಂಗೊಳ್ಳಿಗೆ ಒಯ್ಯುತ್ತೇನೆ, ತಮ್ಮನ ಮಕ್ಕಳು ಆಗಲೇ ಕೇಳಿದ್ದಾರೆ. ಹುಣಸೆಹಣ್ಣು ಮತ್ತು ಮಸಾಲೆ ಪುಡಿಯ ಪೆಟ್ಟಿಗೆಯನ್ನು ಪ್ರತಿ ಚಳಿಗಾಲಕ್ಕೆ ಮೊದಲು ಕಳಿಸುವುದಾಗಿ ಆನಾಗೆ ಮಾತು ಕೊಟ್ಟಿದ್ದೇನೆ, ಖಾರ ಸ್ವಲ್ಪ ಕಡಿಮೆ ಇರಲಿ ಎಂದು ಹೇಳಿದ್ದಾರೆ.